ನಂಜನ ಕೆಲಸ

ನಮ್ಮ ಮನೆಯನ್ನು ಒಡೆದವಳು ನಾನು. ಇದು ನನಗೆ ಗೊತ್ತಾಗಿದ್ದು ಹೋದ ತಿಂಗಳು, ಐವತ್ತಮೂರನೆಯ ವಯಸ್ಸಿನಲ್ಲಿ, ನಮ್ಮದೇ ಹಿತ್ತಲ ಕೊಟ್ಟಿಗೆಯಲ್ಲಿ, ಹೆಬ್ಬೆರಳ ತುದಿಯಷ್ಟಿದ್ದ ಒಂದು ರಬ್ಬರ್ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದಾಗ. ನಲವತ್ತನಾಲ್ಕು ವರ್ಷ ನಾವೆಲ್ಲ ಬೇರೊಂದು ಕಥೆಯನ್ನು ನಂಬಿದ್ದೆವು. ಚಿಕ್ಕಪ್ಪ ನಂಜುಂಡ ಕಾರಿನ ಬ್ರೇಕ್ ಸರಿಮಾಡಿದ, ಕೊನೆಯಲ್ಲಿ ಒಂದು ಸಣ್ಣ ತಿರುಪು ಬಿಗಿ ಮಾಡುವುದನ್ನು ಮರೆತ, ಅದರಿಂದ ಬ್ರೇಕ್ ಹೋಯಿತು, ತಾತನ ಸೊಂಟ ಮುರಿಯಿತು. ಆ ಕಥೆಯಿಂದಲೇ ಚಿಕ್ಕಪ್ಪ ಮನೆ ಬಿಟ್ಟ, ಅಣ್ಣತಮ್ಮಂದಿರ ಮಾತು ನಿಂತಿತು, ಒಂದು ಒಲೆ ಎರಡಾಯಿತು. ಆ ಕಥೆಯಲ್ಲಿ ನಾನು ಒಳ್ಳೆಯ ಹುಡುಗಿ.

ಮನೆ ಎಂದರೆ ವಿಜಯನಗರಕ್ಕೆ ಆ ಹೆಸರು ಬರುವ ಮುಂಚಿನಿಂದ ಇದ್ದ ಹಳ್ಳಿಮನೆ. ಸುತ್ತಲೂ ಲೇಔಟ್ ಎದ್ದಿತ್ತು. ಆರ್‌ಪಿಸಿ ಲೇಔಟಿನ ಕಡೆ ಹೋದರೆ ರಸ್ತೆಗಳೆಲ್ಲ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. ನಮ್ಮ ಬೀದಿ ಮಾತ್ರ ಹಿಂದೆ ಎತ್ತಿನ ಗಾಡಿ ಎಲ್ಲಿ ತಿರುಗುತ್ತಿತ್ತೋ ಅಲ್ಲೇ ತಿರುಗುತ್ತಿತ್ತು. ತಾತನ ಹೊಲಗಳ ಮೇಲೆ ಯಾರ್ಯಾರದೋ ಮನೆಗಳು. ಅವುಗಳ ಗೃಹಪ್ರವೇಶಕ್ಕೆ ತಾತನನ್ನೂ ಕರೆಯುತ್ತಿದ್ದರು. ಹೋಗಿ ಉಂಡು ಬಂದು ಜಗುಲಿಯ ಮೇಲೆ ಕೂತು, ಅವರ ದೇವರಮನೆ ನಮ್ಮ ಅವರೆ ಸಾಲಿನ ಮೇಲೆ ಬಂದಿದೆ ಎಂದು ಹೇಳುತ್ತಿದ್ದ. ದುಃಖದಿಂದಲೋ ಹೆಮ್ಮೆಯಿಂದಲೋ ನನಗೆ ತಿಳಿಯುತ್ತಿರಲಿಲ್ಲ. ಜಗುಲಿ ದಾಟಿದರೆ ಪಡಸಾಲೆ, ಅದರ ನಡುವೆ ಎರಡು ಕಂಬ, ಬಲಕ್ಕೆ ಅಪ್ಪ ಅಮ್ಮನ ಕೋಣೆ, ಅದರಲ್ಲಿ ಅಮ್ಮನ ಹೊಲಿಗೆ ಮಷಿನ್. ಒಳಗೆ ಹೊಗೆ ಹಿಡಿದ ಅಡುಗೆಮನೆ, ಹಿಂದೆ ಬಚ್ಚಲು, ಬಚ್ಚಲು ದಾಟಿದರೆ ಹಿತ್ತಲು, ಹಿತ್ತಲ ತುದಿಗೆ ಕೊಟ್ಟಿಗೆ. ಚಿಕ್ಕಪ್ಪನಿಗೆ ಕೋಣೆ ಇರಲಿಲ್ಲ. ಅವನ ಚಾಪೆ ಕಂಬಕ್ಕೆ ಒರಗಿಕೊಂಡಿರುತ್ತಿತ್ತು, ಅವನ ಬದುಕೆಲ್ಲ ಕೊಟ್ಟಿಗೆಯಲ್ಲಿತ್ತು. ಮನೆಯಲ್ಲಿ ಅಪ್ಪನಿಗೊಬ್ಬರಿಗೆ ಬಹುವಚನ. ತಾತ, ಅಜ್ಜಿ, ಚಿಕ್ಕಪ್ಪ ಎಲ್ಲರನ್ನೂ ನಾನು ನೀನು ಎಂದೇ ಕರೆಯುತ್ತಿದ್ದೆ.

ಜಮೀನು ಹೋದ ಮೇಲೆ ದನಗಳೂ ಹೋದವು. ಕೊಟ್ಟಿಗೆ ಖಾಲಿ ಬಿಡಬಾರದು ಎಂದು ತಾತ ಕಾರು ತಂದು ಕಟ್ಟಿದ. ಕಟ್ಟಿದ ಎಂದೇ ಬರೆಯುತ್ತೇನೆ, ಏಕೆಂದರೆ ಮೊದಲ ದಿನ ಅದರ ಬಂಪರಿಗೆ ಹಗ್ಗ ಸುತ್ತಿ ಗೂಟಕ್ಕೆ ಕಟ್ಟಿದ್ದನ್ನು ನಾನು ಕಂಡಿದ್ದೇನೆ. ರಾಜಾಜಿನಗರದ ಒಬ್ಬ ಮುದುಕ ವಕೀಲರ ಮನೆಯಿಂದ ಬಂದ ವಿಲಾಯಿತಿ ಕಾರು ಅದು. ಬೂದು ಬಣ್ಣ, ಕಪ್ಪೆಯ ಹಾಗೆ ಮೇಲೆದ್ದ ದೀಪಗಳು, ಆಗಲೇ ಚಿಕ್ಕಪ್ಪನಿಗಿಂತ ಹೆಚ್ಚು ವಯಸ್ಸು. ಮೊದಲು ದನಗಳಿಗೆ ಹುಲ್ಲು ಹಾಕುತ್ತಿದ್ದ ಗೊಂತಿನಲ್ಲಿ ಚಿಕ್ಕಪ್ಪನ ಸ್ಪ್ಯಾನರುಗಳು ಸಾಲಾಗಿ ಮಲಗಿದವು. ಅವನು ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದಿದ್ದ. ಇನ್ನು ಸ್ವಂತ ಗ್ಯಾರೇಜು ಹಾಕಬೇಕು, ಅದಕ್ಕೆ ನಮ್ಮ ಕೊಟ್ಟಿಗೆಯೇ ಸಾಕು, ಬಾಗಿಲು ರಸ್ತೆಗೆ ತೆಗೆದರಾಯಿತು ಎಂದು ಅವನ ಲೆಕ್ಕ. ಬೋರ್ಡು ಬರೆಸಿಯೂ ಆಗಿತ್ತು. ಹಳದಿ ತಗಡಿನ ಮೇಲೆ ಕೆಂಪು ಅಕ್ಷರ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ಕಾರ್ತೀಕ ಕಳೆದ ಮೇಲೆ ಏರಿಸುವುದು ಎಂದು ಅಜ್ಜಿ ಹೇಳಿದ್ದಳು.

ಊಟಕ್ಕೆ ಕೂರುವ ಸಾಲಿಗೂ ಒಂದು ಕ್ರಮವಿತ್ತು. ಕಂಬದ ಪಕ್ಕ ತಾತ, ಆಮೇಲೆ ಅಪ್ಪ, ಆಮೇಲೆ ನಾನು, ಕೊನೆಗೆ ಚಿಕ್ಕಪ್ಪ. ಅಪ್ಪ ಫ್ಯಾಕ್ಟರಿಯಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನ ಗುಮಾಸ್ತರು. ಬೆಳಗ್ಗೆ ಇಸ್ತ್ರಿ ಮಾಡಿದ ಷರಟು ಸಂಜೆಗೂ ಹಾಗೇ ಇರಬೇಕು. ಚಿಕ್ಕಪ್ಪನ ಉಗುರಿನ ಸಂದಿಯಲ್ಲಿ ಗ್ರೀಸ್ ಇಲ್ಲದ ದಿನವನ್ನು ನಾನು ನೋಡಿಲ್ಲ. ಅವನು ಬಚ್ಚಲ ಕಲ್ಲಿನ ಮೇಲೆ ಸೀಗೆಪುಡಿ, ಬೂದಿ, ಸೀಮೆಎಣ್ಣೆ ಎಲ್ಲ ಹಚ್ಚಿ ಕೈ ತಿಕ್ಕುತ್ತಿದ್ದ, ಆ ಕಲ್ಲಿನ ಮೇಲೆ ಕಾಲಿಟ್ಟ ಅಪ್ಪ ಜಾರುತ್ತಿದ್ದರು, ಅಲ್ಲಿಂದ ಜಗಳ ಶುರು. ಅಜ್ಜಿ ಇಬ್ಬರಿಗೂ ಉತ್ತರ ಕೊಡದೆ ಮುದ್ದೆ ಇಕ್ಕುತ್ತಿದ್ದಳು. ಬಸ್ಸಾರಿನ ಘಮಕ್ಕೆ ಜಗಳ ಅರ್ಧಕ್ಕೆ ನಿಲ್ಲುತ್ತಿತ್ತು. ಅದು ಉಂಡು ಮಲಗುವ ತನಕದ ಜಗಳವೇ ಹೊರತು ಮನೆ ಒಡೆಯುವ ಜಗಳವಾಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅವರಿಬ್ಬರೂ ಮೊದಲಿನಿಂದಲೂ ಹಾಗೇ ಎಂದು ಎಷ್ಟೋ ವರ್ಷ ನಾನು ನನ್ನ ಗಂಡನಿಗೆ, ಮಗಳಿಗೆ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಅಪ್ಪ ಬೈಯುತ್ತಲೇ ತಮ್ಮ ತಟ್ಟೆಯ ಹಪ್ಪಳ ಮುರಿದು, ನನ್ನ ತಲೆಯ ಮೇಲಿಂದ ಕೈ ಚಾಚಿ, ಚಿಕ್ಕಪ್ಪನ ತಟ್ಟೆಗೆ ಹಾಕುತ್ತಿದ್ದರು.

ಈಗ ಆಯುಧಪೂಜೆಗೆ ಬರಬೇಕು. ಬೇರೆ ಮನೆಗಳಲ್ಲಿ ಆಯುಧಪೂಜೆ ಎಂದರೆ ಕುಂಕುಮ, ಬೂದುಗುಂಬಳ, ನಿಂಬೆಹಣ್ಣು. ನಮ್ಮ ಮನೆಯಲ್ಲಿ ಅದಕ್ಕೂ ಹಿಂದಿನ ದಿನ ಒಂದು ಶಾಸ್ತ್ರವಿತ್ತು, ಕಬ್ಬಿಣಕ್ಕೆ ಎಣ್ಣೆ ಕೊಡುವುದು. ದೀಪಾವಳಿಯಲ್ಲಿ ನಮಗೆ ಎಣ್ಣೆಸ್ನಾನ ಇದ್ದ ಹಾಗೆ, ಅವಕ್ಕೂ. ಮನೆಯ ಚಿಕ್ಕ ಹೆಣ್ಣುಮಗು ಕೊಡಬೇಕು, ಬಾಯಿ ಇರುವ ಕಡೆ ಬಾಯಿಗೇ ಕೊಡಬೇಕು, ಒಂದನ್ನೂ ಬಿಡಬಾರದು. ಅಜ್ಜಿಯ ಅತ್ತೆಯ ಕಾಲದಲ್ಲಿ ಹರಳೆಣ್ಣೆ ಕೊಡುತ್ತಿದ್ದರಂತೆ. ನನ್ನ ಕಾಲಕ್ಕೆ ಅದು ಅಮ್ಮನ ಹೊಲಿಗೆ ಮಷಿನ್ನಿನ ಎಣ್ಣೆಯಾಗಿತ್ತು. ಕೊಕ್ಕರೆ ಮೂತಿಯ ಎಣ್ಣೆಡಬ್ಬಿ ಹಿಡಿದು ಬೆಳಗಿನಿಂದ ಮಧ್ಯಾಹ್ನದ ತನಕ ಸುತ್ತುತ್ತಿದ್ದೆ. ಕುಡುಗೋಲು, ಹಾರೆ, ಸಲಿಕೆ, ಈಳಿಗೆಮಣೆ, ಬಾವಿಯ ರಾಟೆ, ಬಾಗಿಲಿನ ಬೀಗ, ಅಪ್ಪನ ಸೈಕಲ್ಲಿನ ಬೆಲ್ಲು. ಅಜ್ಜಿ ಜಗುಲಿಯಿಂದಲೇ ಕೂಗುತ್ತಿದ್ದಳು.

“ಅನ್ನ ಕೊಟ್ಟ ಕಬ್ಬಿಣ ಕಣೇ ಭಾಗಿ, ಬಾಯಾರಿಸ್ಬಾರ್ದು. ಒಂದೂ ಬಿಡ್ಬೇಡ.”

ಒಂಬತ್ತು ವರ್ಷದ ನಾನು ಒಂದನ್ನೂ ಬಿಡಲಿಲ್ಲ. ಕೊನೆಗೆ ಕಾರಿನ ಹತ್ತಿರ ಬಂದೆ. ಬಾಗಿಲುಗಳ ಕೀಲಿಗೆ ಕೊಟ್ಟೆ, ಬಾನೆಟ್ಟಿಗೆ ಕೊಟ್ಟೆ. ಆಮೇಲೆ, ಮನೆಯಲ್ಲಿ ಚಿಕ್ಕಪ್ಪನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಒಂದು ಬಾಯಿ ಇದೆ ಎಂದು ನೆನಪಾಯಿತು. ಡ್ರೈವರ್ ಕಾಲಿಡುವ ಕಡೆ ಮ್ಯಾಟು ಎತ್ತಿದರೆ ಒಂದು ತಗಡಿನ ಮುಚ್ಚಳ, ಅದರ ಕೆಳಗೆ ಇನ್ನೊಂದು ಮುಚ್ಚಳ, ಅದನ್ನು ತಿರುಗಿಸಿದರೆ ಬ್ರೇಕಿನ ಡಬ್ಬಿ. ಚಿಕ್ಕಪ್ಪ ಅದಕ್ಕೆ ಏನನ್ನೋ ಹೊಯ್ಯುವುದನ್ನು ಎಷ್ಟು ಸಲ ನೋಡಿಲ್ಲ! ಮುಚ್ಚಳ ತಿರುಗಿಸಿದೆ. ಸ್ವಲ್ಪ ಕಡಿಮೆ ಇತ್ತು. ಕಂಠದ ತನಕ ತುಂಬಿಸಿದೆ. ಮುಚ್ಚಳ ಹಾಕಿ, ಮ್ಯಾಟು ಸರಿಮಾಡಿ, ಜಗುಲಿಗೆ ಓಡಿಬಂದು ಎಲ್ಲಕ್ಕೂ ಕೊಟ್ಟೆ ಎಂದು ಹೇಳಿದೆ. ಅಜ್ಜಿ ನನ್ನ ಎಣ್ಣೆ ಕೈಯನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡಳು, ಪುರಿಗೆ ಬೆಲ್ಲ ಬೆರೆಸಿ ಕೊಟ್ಟಳು. ಓದುವವರೇ, ಇದೇ ಅದು. ಅಷ್ಟೇ ಆಗಿದ್ದು. ಇದನ್ನು ನಾನು ಯಾರಿಂದಲೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಗೊತ್ತಿದ್ದರಲ್ಲವೇ?

ಹಬ್ಬ ಕಳೆದು ವಾರಕ್ಕೆಲ್ಲ ಬ್ರೇಕ್ ವಿಚಿತ್ರವಾಗಿ ವರ್ತಿಸತೊಡಗಿತು. ಮೊದಲು ಹಿಡಿದುಕೊಂಡು ಬಿಡುತ್ತಿರಲಿಲ್ಲ, ಆಮೇಲೆ ಮೆತ್ತಗಾಯಿತು. ಚಿಕ್ಕಪ್ಪನ ಪ್ರಕಾರ ಒಳಗೆ ಗಾಳಿ ಸೇರಿತ್ತು. ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ, ನಿಪ್ಪಲ್ ಎಂಬ ಸಣ್ಣ ತಿರುಪನ್ನು ಬಿಚ್ಚಿ ಗಾಳಿ ಹೊರಗೆ ಬಿಟ್ಟು, ತಿರುಗಿ ಬಿಗಿ ಮಾಡಬೇಕು. ತುಳಿಯುವವಳು ನಾನು. ಕಾಲು ಎಟುಕದೆ ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು, ಸ್ಟೇರಿಂಗ್ ಕೆಳಗೆ ಜಾರಿ, ಎರಡೂ ಪಾದ ಸೇರಿಸಿ ತುಳಿಯುತ್ತಿದ್ದೆ. ಕಾರಿನ ಅಡಿಯಿಂದ ಅವನ ದನಿ ಬರುತ್ತಿತ್ತು.

“ಒತ್ತು. ಬಿಡು. ಒತ್ತು. ಬಿಡು. ಒತ್ತಿ ಹಿಡ್ಕೊ. ಹಿಡ್ಕೊಂಡ್ಯಾ? ಬಿಡ್ಬೇಡ ಕಣೇ, ನಾನು ಹೇಳೋ ತನ್ಕ ಬಿಡ್ಬೇಡ.”

ಅವನು ನಿಪ್ಪಲಿಗೆ ಸಿಕ್ಕಿಸಿದ ರಬ್ಬರ್ ಕೊಳವೆ ಒಂದು ಗಾಜಿನ ಸೀಸೆಯಲ್ಲಿ ಮುಳುಗಿರುತ್ತಿತ್ತು, ಅದರಲ್ಲಿ ಗುಳ್ಳೆಗಳು ಏಳುವುದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಪ್ರತಿ ಚಕ್ರ ಮುಗಿದ ಮೇಲೂ ಅವನು ಒಂದೇ ಪ್ರಶ್ನೆ ಕೇಳುತ್ತಿದ್ದ.

“ಈಗ ಹೆಂಗಿದೆ?”

“ಬೆಂದ ಬದನೆಕಾಯಿ ತುಳಿದಂಗೆ.”

“ಇನ್ನೂ ಇದೆ ಹಂಗಾದ್ರೆ. ಬಾ, ಇನ್ನೊಂದ್ಸಲ.”

ಆ ಮನೆಯಲ್ಲಿ ನನ್ನನ್ನು ಮೊದಲ ಬಾರಿಗೆ ಅಭಿಪ್ರಾಯ ಕೇಳಿದ್ದು ಅವನು. ನನ್ನ ಪಾದ ಹೇಳಿದ್ದನ್ನು ನಂಬಿ ಒಬ್ಬ ದೊಡ್ಡ ಮನುಷ್ಯ ಮತ್ತೆ ನೆಲದ ಮೇಲೆ ಮಲಗುತ್ತಿದ್ದ. ನನಗೆ ಕೊಂಬು ಬಂದಿತ್ತು. ಎರಡು ಭಾನುವಾರ ಹೀಗೆ ನಡೆಯಿತು. ಒಂದು ಸಲ ಸರಿಹೋಗಿ, ನಾಲ್ಕು ದಿನಕ್ಕೆ ಮತ್ತೆ ಮೆತ್ತಗಾಯಿತು. ಮೂರನೆಯ ಭಾನುವಾರ ಅವನು ನಾಲ್ಕು ಚಕ್ರವನ್ನೂ ಎರಡೆರಡು ಸಲ ಮಾಡಿದ, ಕೊನೆಯದು ಹಿಂದಿನ ಎಡಗಡೆಯ ಚಕ್ರ. ಎದ್ದು ಬಂದು ಕೇಳಿದಾಗ ನಾನು ಕಲ್ಲು ತುಳಿದ ಹಾಗಿದೆ ಎಂದೆ. ನಿಜವಾಗಿಯೂ ಹಾಗೇ ಇತ್ತು. ಅವನು ನಕ್ಕು ನನ್ನ ಮೂಗಿಗೆ ಗ್ರೀಸ್ ಹಚ್ಚಿದ.

ಮರುದಿನ ತಾತನನ್ನು ಕೂರಿಸಿಕೊಂಡು ನಂದಿನಿ ಲೇಔಟಿನ ಕಡೆ ನೆಂಟರ ಮನೆಗೆ ಹೊರಟ. ಇಳಿಜಾರಿನಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಕೈಬ್ರೇಕ್ ಎಳೆದ, ಗೇರ್ ಇಳಿಸಿದ, ಎದುರಿಗೆ ಶಾಲೆ ಬಿಟ್ಟ ಮಕ್ಕಳು ಬರುತ್ತಿದ್ದರೆಂದು ಗಾಡಿಯನ್ನು ಚಪ್ಪಡಿ ಕಲ್ಲಿನ ರಾಶಿಗೆ ಹೊಡೆದ. ತಾತ ಕೂತಿದ್ದ ಕಡೆಗೇ ಪೆಟ್ಟು. ಸಾಯಂಕಾಲ ತಾತನನ್ನು ಆಸ್ಪತ್ರೆಯಲ್ಲಿ ಬಿಟ್ಟು, ಕಾರನ್ನು ಲಾರಿಗೆ ಕಟ್ಟಿ ಎಳೆದು ತಂದು ಕೊಟ್ಟಿಗೆಗೆ ತಳ್ಳಿದರು. ಅಪ್ಪನ ಫ್ಯಾಕ್ಟರಿಯ ಒಬ್ಬ ಫಿಟ್ಟರ್ ಬಂದು ಬಗ್ಗಿ ನೋಡಿದ. ಹಿಂದಿನ ಎಡ ಚಕ್ರದ ಒಳಗಡೆ ಒದ್ದೆಯಾಗಿತ್ತು. ಇನ್ನೇನು ಬೇಕು? ನಿಪ್ಪಲ್ ಬಿಗಿ ಮಾಡಿಲ್ಲ ಎಂದು ಎದ್ದು ಕೈ ಒರೆಸಿಕೊಂಡ. ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಲಿಲ್ಲ. ಯಾರೂ ನೋಡಲಿಲ್ಲ. ಆ ಒಂದು ನೋಟದ ಮೇಲೆ ನಮ್ಮ ಮನೆಯ ತೀರ್ಪಾಯಿತು.

ಪಡಸಾಲೆಯಲ್ಲಿ ಎಲ್ಲರೂ ನಿಂತೇ ಇದ್ದರು. ಒಲೆ ಹಚ್ಚಿರಲಿಲ್ಲ. ಅಪ್ಪನ ಷರಟಿನ ಮೇಲೆ ತಾತನ ರಕ್ತವಿತ್ತು, ಅದನ್ನು ಬದಲಾಯಿಸಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು.

“ಒಂದು ನಿಪ್ಪಲ್ ಟೈಟ್ ಮಾಡಕ್ಕಾಗ್ಲಿಲ್ವೇನೋ ನಂಜ? ಗ್ಯಾರೇಜ್ ಹಾಕ್ತೀಯಾ ನೀನು? ನಿನ್ನ ನಂಬಿ ಜನ ಗಾಡಿ ಕೊಡ್ಬೇಕಾ?”

“ಮಾಡಿದ್ದೆ ಅಣ್ಣ. ಆಣೆಗೂ ಮಾಡಿದ್ದೆ. ಭಾಗಿ, ನೀನೇ ಹೇಳೇ, ಕೊನೇಗೆ ಹೆಂಗಿತ್ತು?”

“ಕಲ್ಲಿನಂಗಿತ್ತು,” ಎಂದೆ.

“ಮಗೂನ ಸಾಕ್ಷಿಗೆ ಎಳೀತೀಯಲ್ಲೋ, ನಾಚ್ಕೆ ಆಗಲ್ವಾ?”

ಅಷ್ಟಕ್ಕೆ ನನ್ನ ಮಾತು ಮುಗಿಯಿತು. ನಾನು ಧೈರ್ಯವಾಗಿ ನಿಜ ಹೇಳಿದೆ, ಯಾರೂ ಕೇಳಲಿಲ್ಲ ಎಂದು ಆಮೇಲೆ ಎಷ್ಟೋ ವರ್ಷ ನನ್ನ ಬಗ್ಗೆ ನನಗೇ ಹೆಮ್ಮೆಯಿತ್ತು. ಥೂ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಆ ಬರೆ ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ತಾತ ಮತ್ತೆ ಎದ್ದು ನಡೆಯಲಿಲ್ಲ. ಅಪ್ಪ ತಮ್ಮನ ಜೊತೆ ಮಾತು ಬಿಟ್ಟರು. ಊಟದ ಸಾಲಿನಲ್ಲಿ ನನ್ನ ಈ ಕಡೆ ಒಂದು ಮೌನ, ಆ ಕಡೆ ಒಂದು ಮೌನ. ಕಾರ್ತೀಕ ಕಳೆದರೂ ಬೋರ್ಡು ಏರಲಿಲ್ಲ. ಬೀದಿಯವರು, ಮಾಡಿದ್ದುಣ್ಣೋ ಮಾರಾಯ ಎಂದು ಅವನಿಗೆ ಕೇಳುವ ಹಾಗೇ ಹೇಳುತ್ತಿದ್ದರು. ಅವನು ಮೊದಲು ಆಣೆ ಹಾಕುತ್ತಿದ್ದ, ಆಮೇಲೆ ಆಣೆ ಬಿಟ್ಟು ಬರೀ ಮಾಡಿದ್ದೆ ಎನ್ನುತ್ತಿದ್ದ, ಆಮೇಲೆ ಮಾಡಿದ್ದೆ ಅನ್ಸುತ್ತೆ ಎನ್ನತೊಡಗಿದ. ಮಾರನೆಯ ವರ್ಷ ಕೆಂಗೇರಿಯಲ್ಲಿ ಒಂದು ಗಿಡಗಳ ನರ್ಸರಿಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಅಲ್ಲೇ ಉಳಿದ. ತಾತ ತೀರಿಕೊಂಡಾಗ ಬಂದು, ಹೆಣದ ಕಾಲು ಹಿಡಿದು, ನನ್ನಿಂದಲೇ ಆಯ್ತು ಎಂದು ಎಲ್ಲರ ಎದುರು ಅತ್ತ. ಅವತ್ತು ಅಪ್ಪನಿಗೆ ಸ್ವಲ್ಪ ಸಮಾಧಾನವಾದ ಹಾಗಿತ್ತು. ಅವನು ಆಮೇಲೆ ಯಾವ ಗಾಡಿಯನ್ನೂ ಓಡಿಸಲಿಲ್ಲ, ಸೈಕಲ್ಲನ್ನು ಕೂಡ.

ಮನೆಯಲ್ಲಿ ಒಂದು ಮಾತು ಉಳಿಯಿತು. ನಲ್ಲಿ ತೊಟ್ಟಿಕ್ಕಿದರೆ, ಡಬ್ಬಿಯ ಮುಚ್ಚಳ ಓರೆಯಾಗಿದ್ದರೆ, ನಾನು ಲೆಕ್ಕದ ಕೊನೆಯ ಸಾಲು ಬಿಟ್ಟರೆ, ಅಪ್ಪ ‘ನಂಜನ ಕೆಲಸ’ ಎನ್ನುತ್ತಿದ್ದರು. ನಾನು ಆ ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ಬೆಳೆದವಳು. ಗ್ಯಾಸ್ ಮೂರು ಸಲ ನೋಡುತ್ತೇನೆ, ಬೀಗ ಎರಡು ಸಲ ಜಗ್ಗುತ್ತೇನೆ. ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದೆ. ಪ್ರತಿ ವರ್ಷ ಲ್ಯಾಬಿನ ಮೊದಲ ದಿನ, ಒಂದು ತಿರುಪು ಬಿಗಿ ಮಾಡದೆ ಮನೆ ಹಾಳುಮಾಡಿದ ನಮ್ಮ ಚಿಕ್ಕಪ್ಪನ ಕಥೆ ಹೇಳುತ್ತಿದ್ದೆ. ಮಕ್ಕಳು ಕಣ್ಣು ಬಿಟ್ಟು ಕೇಳುತ್ತಿದ್ದರು. ಎಷ್ಟು ಬ್ಯಾಚು, ಎಷ್ಟು ಮಕ್ಕಳು! ನನ್ನ ಶಿಸ್ತು, ನನ್ನ ಹೆಸರು, ಜನ ನನ್ನಲ್ಲಿ ಮೆಚ್ಚಿದ್ದೆಲ್ಲ ಆ ಮನುಷ್ಯನ ಬೆನ್ನಿನ ಮೇಲೆ ನಿಂತಿತ್ತು.

ಅಪ್ಪ ಹೋದ ವರ್ಷ ತೀರಿಕೊಂಡರು. ಅವರಿರುವ ತನಕ ಕೊಟ್ಟಿಗೆಯ ಕಾರಿಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಈಗ ಕೊಟ್ಟಿಗೆ ಕೆಡವಿ ಬಾಡಿಗೆಗೆ ಎರಡು ಮನೆ ಕಟ್ಟಿಸೋಣ ಎಂದು, ಇದೆಲ್ಲ ಆದ ಮೇಲೆ ಹುಟ್ಟಿದ ನನ್ನ ತಮ್ಮ ಹೊರಟ. ಕಾರನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಮಹಾಲಕ್ಷ್ಮಿ ಲೇಔಟಿನಲ್ಲಿ ಹಳೆಯ ಕಾರುಗಳನ್ನೇ ರಿಪೇರಿ ಮಾಡುವ ರಹೀಮ್ ಸಾಬರನ್ನು ಕರೆಸಿದೆ. ಬಿಳಿ ಗಡ್ಡ, ತೋಳಿನ ತನಕ ಗ್ರೀಸ್, ಮಾತು ಕಡಿಮೆ. ಇಂಜಿನ್ ಕಡೆ ನೋಡದೆ ಮೊದಲು ಬ್ರೇಕ್ ತುಳಿದು ನೋಡಿದರು. ಪೆಡಲ್ ನೆಲಕ್ಕೆ ಹೋಯಿತು.

“ಓಡೋದು ಆಮೇಲೆ ಮೇಡಂ. ನಿಲ್ಲೋದು ಮೊದ್ಲು.”

“ಗಾಳಿ ಸೇರಿದೆ ಸಾಬ್ರೇ. ಹಿಂದಿನ ಎಡಗಡೆ ನಿಪ್ಪಲ್ ಲೂಸ್ ಇದೆ. ನಮ್ಮ ಚಿಕ್ಕಪ್ಪ ಟೈಟ್ ಮಾಡೋದು ಮರ್ತಿದ್ದ.”

ಎಷ್ಟು ಸಲೀಸಾಗಿ ಹೇಳಿದೆ! ಅವರು ಹೋಗಿ ಚಕ್ರದ ಹಿಂದೆ ಮಲಗಿದರು. ಸ್ಪ್ಯಾನರ್ ಹಾಕಿದರು. ತಿರುಗಲಿಲ್ಲ. ಮೈಭಾರ ಹಾಕಿದರು. ತಿರುಗಲಿಲ್ಲ. ಬೆಂಕಿಯಿಂದ ಕಾಯಿಸಿದರು. ಕೊನೆಗೆ ಟಣ್ ಎಂದು ನಿಪ್ಪಲ್ ಮುರಿದೇ ಹೋಯಿತು. ಎದ್ದು ಕೂತು ನನ್ನನ್ನು ನೋಡಿದರು. ಉಳಿದ ಮೂರನ್ನೂ ನೋಡಿದರು, ಮೂರೂ ಹಾಗೇ ಬಿಗಿ. ಆಮೇಲೆ ಅವರು ಮ್ಯಾಟು ಎತ್ತಿ ಬ್ರೇಕಿನ ಡಬ್ಬಿ ತೆಗೆದರು, ಅದರ ಒಳಗಿನ ರಬ್ಬರ್ ವಾಷರುಗಳನ್ನು ಕಡ್ಡಿಯಿಂದ ಕೀಳಬೇಕಾಯಿತು. ನೆನೆಸಿಟ್ಟ ಅವರೆಕಾಳಿನ ಹಾಗೆ ಊದಿ, ಅಂಟಂಟಾಗಿ, ಅಂಚು ಮಡಚಿಕೊಂಡಿದ್ದವು. ಚಕ್ರದ ಕಡೆಯವೂ ಹಾಗೇ. ಅವರು ಒಂದನ್ನು ನನ್ನ ಅಂಗೈಯಲ್ಲಿಟ್ಟು, ಗಾಜಿನ ಲೋಟದಲ್ಲಿ ನೀರು ಕೇಳಿದರು. ಡಬ್ಬಿಯ ತಳದಲ್ಲಿ ಉಳಿದಿದ್ದ ಕೊಳಕನ್ನು ಒಂದೆರಡು ಹನಿ ಬಿಟ್ಟರು.

“ಬ್ರೇಕಿಗೆ ಹಾಕೋದು ನೀರಲ್ಲಿ ಬೆರೆತು ಹೋಗುತ್ತೆ ಮೇಡಂ. ಇದು ತೇಲ್ತಾ ಇದೆ ನೋಡಿ. ಯಾರೋ ಮಷಿನ್ ಎಣ್ಣೆ ಹಾಕವ್ರೆ. ಇದು ಬಿದ್ರೆ ರಬ್ಬರ್ ಊದಿ ಕೆಟ್ಟೋಗುತ್ತೆ. ಎಷ್ಟು ಸಲ ಗಾಳಿ ತೆಗೆದ್ರೂ ನಿಲ್ಲಲ್ಲ.”

“ಚಕ್ರ ಒದ್ದೆ ಆಗಿತ್ತಲ್ಲ ಸಾಬ್ರೇ?”

“ರಬ್ಬರಿಂದ ಸೋರಿರೋದು. ನಿಪ್ಪಲಿಂದ ಅಲ್ಲ. ನಿಮ್ಮ ಚಿಕ್ಕಪ್ಪ ಕೆಲ್ಸ ಗೊತ್ತಿರೋ ಮನುಷ್ಯ, ನೀಟಾಗಿ ಮಾಡವ್ರೆ. ಆದ್ರೆ ಇದ್ಯಾರು ಹಾಕಿದ್ದು? ಯಾರೋ ತಲೆ ಕೆಟ್ಟೋರು.”

ಲೋಟದ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡುತ್ತಿತ್ತು. ಆ ಎಣ್ಣೆಯ ವಾಸನೆ ನನಗೆ ಗೊತ್ತಿತ್ತು. ಅಮ್ಮನ ಮಡಿಲಿನ ವಾಸನೆ ಅದು. ನಾನು ಗೊಂತಿನ ಅಂಚು ಹಿಡಿದುಕೊಂಡೆ. ರಹೀಮ್ ಸಾಬರು ಮೇಡಂ ಮೇಡಂ ಎನ್ನುತ್ತಿದ್ದರು. ನಾನೇ ಆ ತಲೆ ಕೆಟ್ಟವಳು ಎಂದು ಅವರಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ವಿಜ್ಞಾನದ ಮೇಡಂ! ಯಾವ ದ್ರವ ಯಾವುದರಲ್ಲಿ ಬೆರೆಯುತ್ತದೆ, ಯಾವುದು ತೇಲುತ್ತದೆ ಎಂದು ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳು.

ಅಮ್ಮ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳ ಕೈ ನಿಂತಿತು. ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಯಾರಿಗೂ ಹೇಳ್ಬೇಡ. ನಿಮ್ಮಪ್ಪ ಹೋಗಿ ವರ್ಷ ಆಯ್ತಷ್ಟೇ. ಈಗ ಅವರನ್ನ ಸುಳ್ಳು ಮಾಡ್ತೀಯಾ?”

“ಚಿಕ್ಕಪ್ಪ ಇನ್ನೂ ಬದ್ಕಿದಾನಲ್ಲಮ್ಮ.”

“ಅವನೂ ಒಗ್ಗಿಕೊಂಡವ್ನೆ ಕಣೇ. ಗಾಯ ಮಾಗಿದೆ. ಯಾಕೆ ಕೆರೀತೀಯ?”

ನನಗೆ ನನ್ನ ತಪ್ಪಿಗಿಂತ ಹೆಚ್ಚು ದಿಗಿಲು ಹುಟ್ಟಿಸಿದ್ದು ಈ ಮಾತು. ಹೆತ್ತ ತಾಯಿ ಹೇಳಿದಳೆಂದೇನೂ ಅಲ್ಲ, ಒಂದು ಗಳಿಗೆ ನನಗೂ ಅದು ಸರಿ ಎನಿಸಿತು ಎಂದು. ಸುಮ್ಮನಿದ್ದುಬಿಡಬಹುದಿತ್ತು. ಕಾರಿಗೆ ಹೊಸ ರಬ್ಬರ್ ಹಾಕಿಸಿ, ಹಳೆಯದನ್ನು ಕಸಕ್ಕೆ ಎಸೆದರೆ ಮುಗಿಯಿತು. ಮೂರು ದಿನ ಹಾಗೇ ಇದ್ದೆ. ನಾಲ್ಕನೆಯ ದಿನ ಬೆಳಗ್ಗೆ ಕೆಲಸದವಳು ಪಾತ್ರೆಯ ತಳ ಉಜ್ಜದೆ ಇಟ್ಟಿದ್ದಳು. ನನ್ನ ಮಗಳು ಅದನ್ನೆತ್ತಿ ನೋಡಿ, ನಗುತ್ತಾ, “ನಂಜನ ಕೆಲಸ” ಎಂದಳು. ಅವಳು ಆ ನಂಜನನ್ನು ಮದುವೆ ಮನೆಗಳಲ್ಲಿ ಎರಡೋ ಮೂರೋ ಸಲ ಕಂಡಿರಬಹುದು. ನಾನು ಚಪ್ಪಲಿ ಮೆಟ್ಟಿ ಕೆಂಗೇರಿಗೆ ಹೊರಟೆ.

ಚಿಕ್ಕಪ್ಪನಿಗೆ ಈಗ ಎಪ್ಪತ್ತು. ನರ್ಸರಿಯ ಹಿಂದೆಯೇ ಮನೆ. ನಾನು ಹೋದಾಗ ಕುಕ್ಕರುಗಾಲಲ್ಲಿ ಕೂತು ಕವರುಗಳಿಗೆ ಮಣ್ಣು ತುಂಬುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗಿ, ಅತ್ತಿಗೆ ಹುಷಾರಾಗವ್ರಾ ಎಂದು ಕೇಳಿದ. ಹುಷಾರಾಗಿದ್ದಾಳೆ ಎಂದೆ. ಮೊದಲಿನಿಂದ ಹೇಳಿದೆ. ಎಣ್ಣೆ ಕೊಡುವ ಶಾಸ್ತ್ರ, ಮ್ಯಾಟಿನ ಕೆಳಗಿನ ಬಾಯಿ, ಕಂಠದ ತನಕ ತುಂಬಿಸಿದ್ದು, ಲೋಟದ ನೀರು, ಊದಿದ ರಬ್ಬರ್. ನಾನು ಮಾಡಿದ್ದು ಚಿಕ್ಕಪ್ಪ, ನೀನಲ್ಲ ಎಂದೆ. ಅವನು ನನ್ನ ಮುಖ ನೋಡಲಿಲ್ಲ. ಮಣ್ಣಿನ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದ. ತಲೆ ಎತ್ತದೆಯೇ ಕೇಳಿದ.

“ನಿಪ್ಪಲ್ಲು?”

“ಟೈಟಾಗಿತ್ತು.”

“ನಾಲ್ಕೂ?”

“ನಾಲ್ಕೂ ಚಿಕ್ಕಪ್ಪ.”

“ಹಿಂದಿನ ಎಡಗಡೇದು?”

“ಅದನ್ನ ಬಿಚ್ಚಕ್ಕೇ ಆಗ್ಲಿಲ್ಲ. ಮುರ್ದೋಯ್ತು.”

ಅವನು ಕೂತಲ್ಲಿಂದ ಹಿಂದಕ್ಕೆ ಜಾರಿ ಮಣ್ಣಿನ ರಾಶಿಯ ಮೇಲೆ ಕೂತುಬಿಟ್ಟ. ಅವನ ಬಲಗೈ ತಾನಾಗಿ ಗಾಳಿಯಲ್ಲಿ ಏನನ್ನೋ ಹಿಡಿದು ಬಿಗಿಯುವ ಹಾಗೆ ತಿರುಗಿತು, ನಿಂತಿತು.

“ನಾನೂ ನಂಬ್ಬಿಟ್ಟಿದ್ದೆ ಕಣೇ,” ಎಂದ. “ಎಲ್ರೂ ಹೇಳಿ ಹೇಳಿ, ನಾನೇ ಮರೆತಿರೋದು ನನಗೇ ಕಾಣಿಸ್ತಿತ್ತು. ಸ್ಪ್ಯಾನರ್ ಎತ್ಕೊಳ್ದೆ ಎದ್ದು ಬಂದಿರೋದು. ಹಂಗೇ ಕಣ್ಣಿಗೆ ಕಟ್ಟಿತ್ತು.”

ನಾನು ಕಾಲು ಹಿಡಿಯಲು ಬಗ್ಗಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

“ನೀನು ಮಗು, ನಿಂಗೇನು ಗೊತ್ತಿತ್ತು ಅಂತ ಹೇಳ್ಬೇಕು ನಾನು. ಹೇಳ್ತೀನಿ. ಇವತ್ತು ಬಾಯಿಗೆ ಬರ್ತಾ ಇಲ್ಲ. ನೀನು ಇವತ್ತು ಹೋಗು ಭಾಗಿ.”

ನನಗೆ ಅತ್ತುಬಿಡಬೇಕು ಎನಿಸಿತು, ಆದರೆ ಅಲ್ಲಿ ಅಳುವ ಹಕ್ಕು ನನ್ನದಾಗಿರಲಿಲ್ಲ. ಎದ್ದು ಗಿಡಗಳ ಸಾಲಿನ ನಡುವೆ ಗೇಟಿನ ಕಡೆ ನಡೆದೆ. ಚಿಕ್ಕಮ್ಮ ಕಾಫಿ ಹಿಡಿದು ಬಂದವಳು, ಇದೇನು ಭಾಗಿ ಹೊರಟೇಬಿಟ್ಟಳಲ್ಲ, ನೀವ್ಯಾಕೆ ಹಿಂಗೆ ಮಣ್ಣಲ್ಲಿ ಕೂತಿದೀರ, ಏನಾಯ್ತು ಎಂದು ಕೇಳುತ್ತಿದ್ದಳು. ಗೇಟಿನ ಚಿಲಕ ತೆಗೆಯುವಾಗ ಅವಳಿಗೆ ಹೇಳುತ್ತಿದ್ದ ಅವನ ದನಿ ಕೇಳಿಸಿತು. ಕಾರಿನ ಅಡಿಯಿಂದ ಬರುತ್ತಿದ್ದ ಆ ವಯಸ್ಸಿನ ದನಿಯಲ್ಲ, ಎಪ್ಪತ್ತರ ಮುದುಕನ, ಒಡೆದು ಹೋದ ದನಿ.

“ಲೇ, ನಾನು ಟೈಟ್ ಮಾಡಿದ್ದೆ ಕಣೇ. ನಾಲ್ಕೂ ಟೈಟ್ ಮಾಡಿದ್ದೆ.”